ಆದಿತ್ಯವಾರ ಬೆಳಿಗ್ಗೆ ಎಂಟಕ್ಕೆ

ಗುರುವಾರ: ಬಹರೈನ್

ನಿವೃತ್ತಳಾದ ಮೇಲೆ ನಾನು ಹನ್ನೊಂದು ರೋಗಿಗಳನ್ನು ವಿಮಾನದಲ್ಲಿ ಅವರವರ ಊರಿಗೆ ತಲುಪಿಸಿದ್ದೇನೆ. ಗಲ್ಫಿಗೆ ದುಡಿಯಲು ಬಂದವರು ಲಕ್ವ ಹೊಡೆದೋ ಎತ್ತರದಿಂದ ಬಿದ್ದೋ ಹಾಸಿಗೆ ಹಿಡಿದರೆ, ಜೊತೆಗೊಬ್ಬ ನರ್ಸ್ ಇಲ್ಲದೆ ವಿಮಾನದವರು ಅವರನ್ನು ಹತ್ತಿಸಿಕೊಳ್ಳುವುದಿಲ್ಲ. ಅಂಥವರಿಗೆ ನಮ್ಮ ಕನ್ನಡ ಸಂಘದವರು ಟಿಕೆಟಿನ ವ್ಯವಸ್ಥೆ ಮಾಡುತ್ತಾರೆ, ನಾನು ಜೊತೆಗೆ ಹೋಗುತ್ತೇನೆ. ಮೂವತ್ತೊಂದು ವರ್ಷ ವಾರ್ಡಿನಲ್ಲಿ ದುಡಿದವಳು ನಾನು. ಐದಕ್ಕೆ ಏಳುವುದು, ಆರೂವರೆಗೆ ಡ್ಯೂಟಿಗೆ ನಿಲ್ಲುವುದು, ಹೇಳಿದ್ದನ್ನು ಬರೆದಿಡುವುದು, ಬರೆದಿಟ್ಟದ್ದನ್ನು ಮಾಡುವುದು. ಹನ್ನೊಂದು ಮಂದಿಯೂ ಸುಖವಾಗಿ ಮನೆ ಸೇರಿದ್ದರಿಂದ ನನ್ನ ಶಿಸ್ತಿನ ಬಗ್ಗೆ ನನಗೆ ಸ್ವಲ್ಪ ಜಂಬವೂ ಇತ್ತು.

ಹನ್ನೆರಡನೆಯವಳು ಎಫುವಾ. ಆಫ್ರಿಕಾದ ಪಶ್ಚಿಮ ಕರಾವಳಿಯ ಘಾನಾ ದೇಶದವಳು, ವಯಸ್ಸು ಮೂವತ್ತೊಂಬತ್ತು. ಬಹರೈನಿನ ಸನದ್‌ನ ಒಂದು ಮನೆಯಲ್ಲಿ ಆರು ವರ್ಷ ಮನೆಗೆಲಸಕ್ಕಿದ್ದಳು. ಒಂದು ಬೆಳಿಗ್ಗೆ ಇಸ್ತ್ರಿ ಹಾಕುತ್ತಿದ್ದಾಗ ಕುಸಿದುಬಿದ್ದಳು. ಬಲಗೈ, ಬಲಗಾಲು ಹೋಯಿತು, ಮಾತು ಹೋಯಿತು. ಐದು ತಿಂಗಳು ಸಲ್ಮಾನಿಯಾ ಆಸ್ಪತ್ರೆಯಲ್ಲಿ ಮಲಗಿದ್ದಳು. ಅವಳಿಗೆ ಉಳಿದದ್ದು ಎರಡೇ ಪದ: ‘ಯೆಸ್ ಮೇಡಂ’. ಹಸಿವೆಯೇ ಎಂದರೂ ಅದೇ, ನೋವೇ ಎಂದರೂ ಅದೇ, ಹೆಸರೇನು ಎಂದರೂ ಅದೇ. ಮಿದುಳಿನ ಮಾತಿನ ಭಾಗಕ್ಕೆ ಪೆಟ್ಟಾದವರಲ್ಲಿ ಹೀಗೆ ದಿನಾ ಆಡುತ್ತಿದ್ದ ಒಂದೋ ಎರಡೋ ಪದ ಉಳಿಯುವುದುಂಟು. ಕೆಲವರಿಗೆ ದೇವರ ಹೆಸರು ಉಳಿಯುತ್ತದೆ, ಕೆಲವರಿಗೆ ಬೈಗುಳ. ಎಫುವಾಳಿಗೆ ಇದು ಉಳಿದಿತ್ತು.

ಸಂಘದ ಕಾರ್ಯದರ್ಶಿ ಶೇಖರ ಫೋನ್ ಮಾಡಿದಾಗ, ಇವಳು ನಮ್ಮ ಕಡೆಯವಳಲ್ಲವಲ್ಲ ಎಂದು ಕೇಳಿದೆ. “ಅಲ್ಲ ಅಂತ ಬಿಡ್ಲಿಕ್ಕೆ ಆಗ್ತದಾ ವಾರಿಜಕ್ಕ? ಆ ವಾರ್ಡಲ್ಲಿ ಇವಳನ್ನು ನೋಡಿಕೊಂಡದ್ದು ನಮ್ಮ ಹುಡುಗಿಯರೇ” ಎಂದ. ಅದೂ ಸರಿಯೇ.

ಎಫುವಾಳ ಪ್ರಾಣಕ್ಕೆ ಇದ್ದ ಅಪಾಯ ಒಂದೇ, ಅದು ನೀರು. ಅವಳ ಗಂಟಲು ತೆಳುವಾದದ್ದನ್ನು ತಡೆಯುತ್ತಿರಲಿಲ್ಲ. ನಮಗೆ ನೆತ್ತಿಗೆ ಹತ್ತಿದರೆ ಎರಡು ಕೆಮ್ಮಿಗೆ ಸರಿಹೋಗುತ್ತದೆ. ಅವಳಿಗೆ ಕೆಮ್ಮೂ ಬರುತ್ತಿರಲಿಲ್ಲ, ನೀರು ಸದ್ದಿಲ್ಲದೆ ಶ್ವಾಸಕೋಶಕ್ಕೆ ಇಳಿಯುತ್ತಿತ್ತು. ಹಾಗಾಗಿ ಕುಡಿಯುವುದಕ್ಕೆಲ್ಲ ಒಂದು ಬಿಳಿ ಪುಡಿ ಕಲಸಿ ಗಂಜಿಯಷ್ಟು ದಪ್ಪ ಮಾಡಬೇಕು. ನೆಟ್ಟಗೆ ಕೂರಿಸಿ, ಗಲ್ಲ ತಗ್ಗಿಸಿ, ಅರ್ಧರ್ಧ ಚಮಚ ಕೊಡಬೇಕು. ಇದನ್ನು ಮನೆಯವರಿಗೆ ಕಲಿಸಿ, ಅವರ ಊರಿಗೆ ಹತ್ತಿರದ ಪಟ್ಟಣದ ಆಸ್ಪತ್ರೆಯಲ್ಲಿ ಅಲ್ಲಿನ ಸಿಸ್ಟರಿಗೆ ಕೈಯಿಂದ ಕೈಗೆ ಒಪ್ಪಿಸಿ ಬರುವುದು ನನ್ನ ಕೆಲಸ. ಅಲ್ಲಿ ಸೇರಿಸಿಕೊಂಡು ಗಂಟಲಿಗೆ ವ್ಯಾಯಾಮ ಕೊಟ್ಟರೆ ಆರು ತಿಂಗಳಲ್ಲಿ ನೀರು ಕುಡಿದಾಳು ಎಂದು ಇಲ್ಲಿನ ಡಾಕ್ಟರು ಹೇಳಿದ್ದರು.

ನಾನು ಹಾಕಿಕೊಂಡ ಏರ್ಪಾಡು ಇದು. ಗುರುವಾರ ಸಂಜೆ ಹೊರಡುವುದು. ಶುಕ್ರವಾರ ಮನೆ ಸೇರುವುದು. ಶನಿವಾರ ಮನೆಯವರಿಗೆ ಪಾಠ. ಆದಿತ್ಯವಾರ ಬೆಳಿಗ್ಗೆ ಎಂಟಕ್ಕೆ ಆಸ್ಪತ್ರೆ. ಅಂದೇ ಸಂಜೆ ವಾಪಸು ವಿಮಾನ.

ಊರಿನಲ್ಲಿ ಕೂತು ಇದನ್ನು ಓದುವವರಿಗೆ ತಪ್ಪು ಎಲ್ಲಿ ಎಂದು ಈಗಲೇ ಗೊತ್ತಾಗಿರುತ್ತದೆ. ನನಗೆ ಗೊತ್ತಾಗಲಿಲ್ಲ. ಬಹರೈನಿನಲ್ಲಿ ರಜೆ ಎಂದರೆ ಶುಕ್ರವಾರ ಮತ್ತು ಶನಿವಾರ. ಮೂವತ್ತೊಂದು ವರ್ಷ ಆದಿತ್ಯವಾರವೆಂದರೆ ನನಗೆ ಆರೂವರೆಯ ಡ್ಯೂಟಿ, ವಾರದ ಮೊದಲ ದಿನ, ದೊಡ್ಡ ಡಾಕ್ಟರ ರೌಂಡ್ಸ್. ರಜೆಯ ಎರಡು ದಿನ ಪ್ರಯಾಣಕ್ಕೆ, ಮೂರನೆಯ ದಿನ ಕೆಲಸಕ್ಕೆ ಎಂದು ಲೆಕ್ಕ ಹಾಕಿದ್ದೆ. ಟೂಬ್ಲಿಯಲ್ಲಿ ಏಸಿ ರಿಪೇರಿಯ ವರ್ಕ್‌ಶಾಪ್ ಇಟ್ಟಿರುವ ನಮ್ಮ ಯಜಮಾನರು ಎಫುವಾಳ ಗಾಲಿಕುರ್ಚಿಗೆ ತಲೆ ಆನಿಸುವ ಪಟ್ಟಿ ಬೆಸೆದು ಕೊಡುತ್ತ, “ಒಂದು ದಿನ ಹೆಚ್ಚು ಇದ್ದು ಬಾ ಮಾರಾಯ್ತಿ, ಇಲ್ಲಿ ಎಂತ ಅರ್ಜೆಂಟ್ ಉಂಟು” ಎಂದರು. ಏರ್ಪಾಡು ಬರೆದಾಗಿತ್ತು. ಬರೆದದ್ದನ್ನು ನಾನು ಬದಲಿಸುವುದಿಲ್ಲ.

ಶುಕ್ರವಾರ: ಅಕ್ರಾ, ಅಲ್ಲಿಂದ ಕಡಲ ದಾರಿ

ಅಕ್ರಾ ವಿಮಾನ ನಿಲ್ದಾಣದಲ್ಲಿ ಕಸ್ಟಮ್ಸ್ ಅಧಿಕಾರಿ ನನ್ನ ಪೆಟ್ಟಿಗೆ ತೆರೆಸಿದ. ಆರು ಡಬ್ಬಿ ಬಿಳಿ ಪುಡಿ. ಅವನ ಮುಖ ಗಂಭೀರವಾಯಿತು, ಇನ್ನಿಬ್ಬರು ಬಂದರು. ಡಾಕ್ಟರ ಚೀಟಿ ತೋರಿಸಿದರೂ ಕೇಳಲಿಲ್ಲ. ಕೊನೆಗೆ ಅವನ ಮೇಜಿನ ಮೇಲಿದ್ದ ನೀರಿನ ಲೋಟಕ್ಕೇ ಎರಡು ಚಮಚ ಹಾಕಿ ಕದಡಿ, ಲೋಟವನ್ನು ಬೋರಲು ಮಾಡಿ ಹಿಡಿದೆ. ಒಂದು ಹನಿ ಬೀಳಲಿಲ್ಲ. ಮೂವರೂ ಹಿಂದೆ ಸರಿದು ಆಮೇಲೆ ನಕ್ಕರು. ಇಂಥ ಮಾಟ ನಮ್ಮಜ್ಜಿಗೂ ಗೊತ್ತಿರಲಿಲ್ಲ ಮಮ್ಮಿ ಎಂದ ಅಧಿಕಾರಿ. ಅಲ್ಲಿ ವಯಸ್ಸಾದ ಹೆಂಗಸರೆಲ್ಲ ಮಮ್ಮಿಯೇ.

ಹೊರಗೆ ಎಫುವಾಳ ತಮ್ಮ ಎಬೊ ಕಾದಿದ್ದ. ಟ್ಯಾಕ್ಸಿ ಓಡಿಸುವ ಮೂವತ್ತು ದಾಟಿದ ಗಂಡಸು. ಎರಡು ವಾರ ನಾನು ಕಳಿಸಿದ ಪ್ರತಿ ಮೆಸೇಜಿಗೂ ‘ಆಗಲಿ ಮಮ್ಮಿ’ ಎಂದು ಉತ್ತರಿಸಿದವನು ಇವನೇ. ಅಕ್ಕನನ್ನು ಕಂಡೊಡನೆ ಓಡಿ ಬಂದ. ಕುರ್ಚಿಯ ಮುಂದೆ ಕುಕ್ಕರಗಾಲಲ್ಲಿ ಕೂತು ಅವಳ ಸತ್ತ ಬಲಗೈಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡ. ಎಫುವಾ ಎಡಗೈ ಎತ್ತಿ ಅವನ ಕೆನ್ನೆ ಮುಟ್ಟಲು ಹೋದಳು. ಅವನು ಮೆಲ್ಲಗೆ ಆ ಕೈ ಕೆಳಗಿಟ್ಟ. ನಮ್ಮಂತೆಯೇ ಅವರಿಗೂ ಎಡಗೈ ಆಗದು.

ಮೂರು ಗಂಟೆಯ ದಾರಿ. ಎಡಕ್ಕೆ ಸಮುದ್ರ, ತೆಂಗಿನ ಸಾಲು, ಒಣಹಾಕಿದ ಮೀನಿನ ವಾಸನೆ. ನಮ್ಮ ಮರವಂತೆಯ ರಸ್ತೆಯಲ್ಲೇ ಹೋದಂತಿತ್ತು. ಒಂದೇ ವ್ಯತ್ಯಾಸವೆಂದರೆ, ಅಲ್ಲಿ ಕಡಲು ದಕ್ಷಿಣಕ್ಕಿದೆ, ಸೂರ್ಯ ನೀರಿಗಿಳಿಯದೆ ತೆಂಗಿನ ಮರಗಳ ಹಿಂದೆ ಎಲ್ಲೋ ಮುಳುಗುತ್ತಾನೆ. ಬಹರೈನಿನ ಸಮುದ್ರ ಬಟ್ಟಲಲ್ಲಿಟ್ಟ ನೀರಿನಂತೆ ಸುಮ್ಮನಿರುತ್ತದೆ. ಇಲ್ಲಿ ಅಲೆ ಹೊಡೆಯುವ ಸದ್ದು ಕಾರಿನೊಳಗೂ ಕೇಳುತ್ತಿತ್ತು. ಎಫುವಾ ಕಿಟಕಿಯಿಂದ ಕಣ್ಣು ತೆಗೆಯಲಿಲ್ಲ. ಅವಳ ಹೆಸರಿನ ಅರ್ಥ ಶುಕ್ರವಾರ ಹುಟ್ಟಿದವಳು ಎಂದು ಎಬೊ ಹೇಳಿದ. ತಾನು ಮಂಗಳವಾರದವನಂತೆ. ಅಲ್ಲಿ ಮಗುವಿನ ಮೊದಲ ಹೆಸರು ಹುಟ್ಟಿದ ವಾರದ್ದೇ. ವಾರಕ್ಕೆ ಅಷ್ಟು ಬೆಲೆ ಕೊಡುವವನ ಪಕ್ಕದಲ್ಲಿ ಕೂತಾಗಲಾದರೂ ನಾನು ಒಮ್ಮೆ ಬೆರಳು ಮಡಿಚಿ ಎಣಿಸಬಹುದಿತ್ತು.

ಮನೆ ಮೀನುಗಾರರ ಕೇರಿಯಲ್ಲಿತ್ತು. ಅಂಗಳದಲ್ಲಿ ಬೆಂಚುಗಳನ್ನಿಟ್ಟು ಇಪ್ಪತ್ತು ಮಂದಿ ಕಾದಿದ್ದರು. ಬಂದವರನ್ನು ಮೊದಲು ಕೂರಿಸುತ್ತಾರೆ. ಆಮೇಲೆ ನೀರು. ನೀರು ಕುಡಿದ ಮೇಲೆಯೇ ಕೈ ಮುಟ್ಟುವುದು, ಬಂದ ಕಾರಣ ಕೇಳುವುದು. ನಮ್ಮ ಬೆಲ್ಲ ನೀರಿನ ಹಾಗೆಯೇ, ಬೆಲ್ಲವೊಂದಿಲ್ಲ. ಎಫುವಾಳ ತಾಯಿ, ಎಲ್ಲರೂ ಮಾಮೆ ಎನ್ನುವ ಎತ್ತರದ ಮುದುಕಿ, ತಟ್ಟೆಯಲ್ಲಿ ಲೋಟಗಳನ್ನಿಟ್ಟು ತಂದಳು. ಮೊದಲು ನನಗೆ, ಆಮೇಲೆ ಮಗನಿಗೆ. ಎಂಥ ಒಳ್ಳೆಯ ಪದ್ಧತಿ ಎಂದು ನಾನು ಮನಸ್ಸಿನಲ್ಲಿ ಅಂದುಕೊಳ್ಳುತ್ತಿದ್ದಾಗಲೇ ಮೂರನೆಯ ಲೋಟ ಎಫುವಾಳ ತುಟಿಗೆ ಹೋಯಿತು.

ನಾನು ಹಾರಿ ಮುದುಕಿಯ ಮಣಿಕಟ್ಟು ಹಿಡಿದೆ. ನೀರೆಲ್ಲ ಅವಳ ಹೊಸ ಬಟ್ಟೆಯ ಮೇಲೆ ಚೆಲ್ಲಿತು. ಆರು ವರ್ಷದ ಮೇಲೆ ಮನೆಗೆ ಬಂದ ಮಗಳಿಗೆ ತಾಯಿ ನೀರು ಕೊಡುವಾಗ ಪರದೇಶದ ಹೆಂಗಸೊಬ್ಬಳು ಅವಳ ಕೈ ತಿರುಚಿದಳು, ಅವರು ಕಂಡದ್ದು ಅಷ್ಟೇ. ನಾನು ಎಬೊನನ್ನು ಕರೆದು ಕಾರಣ ಹೇಳಿಸಿದೆ. ಅವನು ಹೇಳಿದ. ಇದನ್ನು ಎರಡು ಸಲ ಮೆಸೇಜಿನಲ್ಲಿ ಬರೆದಿದ್ದೆ. ತಾಯಿಗೆ ತಿಳಿಸಿದೆಯಾ ಎಂದು ಕೇಳಿದ್ದಕ್ಕೆ ‘ಆಗಲಿ ಮಮ್ಮಿ’ ಎಂದು ಉತ್ತರ ಬಂದಿತ್ತು.

ಮಾಮೆ ನನ್ನತ್ತ ನೋಡಲಿಲ್ಲ. ಮಗಳ ಮುಂದೆ ಬಗ್ಗಿ ತಮ್ಮ ಭಾಷೆಯಲ್ಲಿ ಏನೋ ಕೇಳಿದಳು. ತಾನು ಯಾರೆಂದು ಗುರುತು ಸಿಕ್ಕಿತೇ ಎಂದು ಕೇಳಿದಳಂತೆ.

“ಯೆಸ್ ಮೇಡಂ” ಎಂದಳು ಎಫುವಾ.

ಶನಿವಾರ: ಕಡಲ ಕೇರಿ

ಐದಕ್ಕೆ ಎದ್ದು ಕಡಲ ದಂಡೆಗೆ ಹೋದೆ. ನಲವತ್ತು ಐವತ್ತು ಜನ ಎರಡು ಸಾಲಾಗಿ ಹಗ್ಗ ಹಿಡಿದು, ಒಬ್ಬ ಹೇಳಿಕೊಟ್ಟಂತೆ ಹಾಡುತ್ತ ಬಲೆ ಎಳೆಯುತ್ತಿದ್ದರು. ನಮ್ಮ ಕೈರಂಪಣಿಯೇ. ಮೀನು ಮಾತ್ರ ಬೊಗಸೆಯಷ್ಟು. ದೊಡ್ಡ ಹಡಗುಗಳು ಆಳದಲ್ಲೇ ಗುಡಿಸಿಕೊಂಡು ಹೋಗುತ್ತವೆ ಎಂದು ಪಕ್ಕದಲ್ಲಿದ್ದ ಮುದುಕ ಇಂಗ್ಲಿಷಿನಲ್ಲಿ ಹೇಳಿದ. ಮಲ್ಪೆಯಲ್ಲಿ ಕೇಳಿದ ಮಾತೇ ಅದು. ಮೀನಿಲ್ಲದ್ದರಿಂದಲೇ ಈ ಕೇರಿಯ ಹೆಣ್ಣುಮಕ್ಕಳು ಗಲ್ಫಿಗೆ ಹೋಗುವುದು ಎಂದ. ನಾವೇಕೆ ಹೋದದ್ದು ಎಂದು ಅವನು ಕೇಳಲಿಲ್ಲ.

ಏಳಕ್ಕೆ ಪಾಠ ಶುರು ಮಾಡಿದೆ. ಮಾಮೆ ಬರಲಿಲ್ಲ. ಎಬೊ ಬಂದ, ನಾನು ಹೇಳಿದ್ದಕ್ಕೆಲ್ಲ ತಲೆಯಾಡಿಸಿದ. ಬೆಳಿಗ್ಗೆ ಹೋದರೆ ಸಂಜೆ ಬರುವವನು ಅವನು. ಕಲಿಯಬೇಕಾದವಳು ಮಾಮೆ, ಅವಳೋ ಹಿತ್ತಲಿನಲ್ಲಿ ಮೀನು ಹೊಗೆಗಿಡುತ್ತ ಬೆನ್ನು ತಿರುಗಿಸಿ ಕೂತಿದ್ದಳು. ನನಗೆ ಊಟ ಕಳಿಸಿದಳು. ಮೆಕ್ಕೆಜೋಳದ ಹಿಟ್ಟನ್ನು ಹುಳಿಬರಿಸಿ, ತೆನೆಯ ಸಿಪ್ಪೆಯಲ್ಲಿ ಸುತ್ತಿ ಬೇಯಿಸಿದ ಮುದ್ದೆ, ಹುರಿದ ಮೀನು, ಖಾರದ ಚಟ್ನಿ. ಎಲೆಯಲ್ಲಿ ಬೇಯಿಸುವ ನಮ್ಮ ಮೂಡೆಯ ದೂರದ ನೆಂಟನಂತಿತ್ತು, ಸ್ವಲ್ಪ ಹೆಚ್ಚು ಹುಳಿ. ನೀರು ಕಳಿಸಲಿಲ್ಲ. ಎಬೊ ಪ್ಲಾಸ್ಟಿಕ್ ತೊಟ್ಟೆಯ ನೀರು ಕೊಂಡು ತಂದ.

ಹಗಲೆಲ್ಲ ನೋಡಲು ಬರುವವರು. ಬಂದ ಹೆಂಗಸರೆಲ್ಲ ಎಫುವಾಳ ಪಕ್ಕ ಕೂತು, ಅಯ್ಯೋ ಬಾಯಾರಿರಬೇಕು ಮಗುವಿಗೆ ಎಂಬಂತೆ ಅವಳ ತುಟಿ ಒರೆಸುವರು, ಲೋಟಕ್ಕೆ ಕೈ ಹಾಕುವರು. ನಾನು ಕಾವಲಿನವಳಂತೆ ಎದುರಿಗೆ ಕೂತಿದ್ದೆ. ನಾಲ್ಕನೆಯವಳನ್ನು ತಡೆದಾಗ ಬೇಸತ್ತು, ವಾರ್ಡಿನಲ್ಲಿ ಮಾಡುವುದನ್ನೇ ಮಾಡಿದೆ. ದಪ್ಪ ಹಾಳೆಯಲ್ಲಿ ಕೆಂಪು ಶಾಯಿಯಿಂದ ‘ಇಲ್ಲಿ ನೀರು ಕೊಡಕೂಡದು’ ಎಂದು ಇಂಗ್ಲಿಷಿನಲ್ಲಿ ಬರೆದು ಬಾಗಿಲಿಗೆ ಅಂಟಿಸಿದೆ.

ಆಸ್ಪತ್ರೆಯ ಮಂಚಕ್ಕೆ ತೂಗುಹಾಕುವ ಮಾತನ್ನು ಒಬ್ಬರ ಮನೆಯ ಬಾಗಿಲಿಗೆ ಹಚ್ಚಬಾರದೆಂದು ನನಗೆ ತೋಚಲಿಲ್ಲ. ನನ್ನ ಅತ್ತೆಯ ಮನೆ ಬಾಗಿಲಿಗೆ ಯಾರಾದರೂ ಹಾಗೆ ಬರೆದಿದ್ದರೆ ಅತ್ತೆ ಅವರನ್ನು ಏನು ಮಾಡುತ್ತಿದ್ದರೆಂದು ಈಗ ಯೋಚಿಸಬಲ್ಲೆ. ಬೀದಿಯಲ್ಲಿ ಹೋಗುವವರು ನಿಂತು ಓದಿದರು. ಓದಲು ಬಾರದವರಿಗೆ ಓದಿ ಹೇಳಿದರು. ಒಬ್ಬಳು ಗಟ್ಟಿಯಾಗಿ ಏನೋ ಅಂದಳು, ಕೇರಿಯೆಲ್ಲ ನಕ್ಕಿತು. ಮಾಮೆ ಹಿತ್ತಲಿನಿಂದ ಬಂದು, ಹಾಳೆಯನ್ನು ಕಿತ್ತು, ನಾಲ್ಕಾಗಿ ಮಡಿಚಿ ನನ್ನ ಕೈಗೆ ಕೊಟ್ಟು ಹೋದಳು.

ನಾನೂ ಸುಮ್ಮನಾದೆ. ನಾಳೆ ಎಂಟಕ್ಕೆ ಆಸ್ಪತ್ರೆ ಇದೆ, ಒಪ್ಪಿಸಿಬಿಟ್ಟರೆ ನನ್ನ ಹೊಣೆ ಮುಗಿಯಿತು ಎಂದುಕೊಂಡೆ. ನಾಳೆ ಏಳೂವರೆಗೆ ಹೊರಡಬೇಕು ಎಂದು ಎಬೊಗೆ ನೆನಪಿಸಿದೆ.

“ಆಗಲಿ ಮಮ್ಮಿ” ಎಂದ.

ಆದಿತ್ಯವಾರ: ಪಟ್ಟಣದ ಆಸ್ಪತ್ರೆ

ಬೆಳಿಗ್ಗೆ ಕೇರಿಯೇ ಬಿಳಿ ಬಟ್ಟೆ ಉಟ್ಟು ನಿಂತಿತ್ತು. ಎಬೊ ಕೂಡ ಇಸ್ತ್ರಿಯ ಬಿಳಿ ಅಂಗಿಯಲ್ಲಿದ್ದ. ನನ್ನ ಗೌರವಕ್ಕೆಂದು ತಿಳಿದೆ. ದಾರಿಯುದ್ದಕ್ಕೂ ಅಂಗಡಿಗಳ ಬಾಗಿಲು ಹಾಕಿತ್ತು, ಪ್ರತಿ ತಿರುವಿನಲ್ಲೂ ಕ್ರೈಸ್ತರ ಇಗರ್ಜಿಯಿಂದ ಹಾಡು. ಆಗಲೂ ನನಗೆ ಹೊಳೆಯಲಿಲ್ಲ. ಬಹರೈನಿನಲ್ಲಿ ಶುಕ್ರವಾರ ಕಾಣುವ ಬೀದಿ ಅದು.

ಆಸ್ಪತ್ರೆಯ ಗೇಟಿನಲ್ಲಿ ಒಬ್ಬ ಕಾವಲುಗಾರ. ಒಳಗೆ ತುರ್ತು ವಿಭಾಗದಲ್ಲಿ ಒಬ್ಬಳೇ ನರ್ಸ್, ಒಂಬತ್ತು ರೋಗಿಗಳು. ಅವಳು ನನ್ನ ಫೈಲು ತೆರೆಯದೆಯೇ ಕೇಳಿದಳು: ಇವತ್ತು ಆದಿತ್ಯವಾರ ಅಲ್ಲವೇ ಮಮ್ಮಿ? ನುಂಗುವ ತೊಂದರೆ ನೋಡುವ ವಿಭಾಗ ತೆರೆಯುವುದು ನಾಳೆ. ವಾರ್ಡಿನ ದೊಡ್ಡ ಸಿಸ್ಟರು ಬರುವುದೂ ನಾಳೆ. ಅವರಿಗೆ ಒಪ್ಪಿಸಿ, ಸಹಿ ಹಾಕಿಸಿ, ಸೇರಿಸಿ.

ನಾನು ಎಬೊನತ್ತ ತಿರುಗಿದೆ. ಗೊತ್ತಿರಲಿಲ್ಲವೇ ಎಂದೆ. ಗೊತ್ತಿತ್ತು. ಮತ್ತೆ ಹೇಳಲಿಲ್ಲವೇಕೆ?

“ನೀವು ದೊಡ್ಡವರು. ಆದಿತ್ಯವಾರ ಅಂತ ಬರೆದಿದ್ದಿರಿ. ಏನೋ ವ್ಯವಸ್ಥೆ ಮಾಡಿರುತ್ತೀರಿ ಅಂದುಕೊಂಡೆ.”

ಬಹರೈನಿನಲ್ಲಿ ಯಾರಾದರೂ ‘ಇನ್ಶಾ ಅಲ್ಲಾ’ ಎಂದರೆ ಅದು ಆದರೂ ಆದೀತು, ಆಗದೆಯೂ ಇದ್ದೀತು ಎಂದು ತಿಳಿಯುವಷ್ಟು ನಾನು ಪಳಗಿದ್ದೆ. ‘ಆಗಲಿ ಮಮ್ಮಿ’ ಎಂಬುದರ ಬಗ್ಗೆ ಎಚ್ಚರವಿರಲಿಲ್ಲ. ಹೊಸ ನರ್ಸುಗಳಿಗೆ ನಾನು ಕಲಿಸುತ್ತಿದ್ದ ಮೊದಲ ಪಾಠವೇ ಇದು: ಡಾಕ್ಟರು ಫೋನಿನಲ್ಲಿ ಹೇಳಿದ್ದಕ್ಕೆ ಹೂಂ ಎನ್ನಬೇಡಿ, ಅವರು ಹೇಳಿದ್ದನ್ನೇ ತಿರುಗಿ ಹೇಳಿ. ತಿರುಗಿ ಹೇಳದ್ದಕ್ಕೆ ಒಬ್ಬಳನ್ನು ಎಲ್ಲರೆದುರು ಅಳಿಸಿದ್ದೂ ಉಂಟು. ಎಬೊನಿಂದ ನಾನು ಒಂದು ಸಲವೂ ತಿರುಗಿ ಹೇಳಿಸಿರಲಿಲ್ಲ.

ನರ್ಸಿನ ಹತ್ತಿರ ನನ್ನ ಹಿರಿತನ ಹೇಳಿಕೊಂಡೆ, ಶುಕ್ರವಾರ ಬಂದೆವು, ಇವತ್ತು ಸಂಜೆ ನನಗೆ ವಿಮಾನವಿದೆ ಎಂದೆ. ಅವಳು ಒಂದು ಮಗುವಿಗೆ ಸೂಜಿ ಚುಚ್ಚುತ್ತಲೇ, “ಶುಕ್ರವಾರ ಬಂದು ಆದಿತ್ಯವಾರ ಹೋಗುವುದಾದರೆ ರೋಗಿಯನ್ನು ಯಾಕೆ ತಂದಿರಿ ಮಮ್ಮಿ? ಪಾರ್ಸೆಲ್ ತರಬಹುದಿತ್ತು” ಎಂದಳು. ಹೀಗೆ ನನ್ನೊಡನೆ ಮಾತಾಡಿದ ನರ್ಸ್ ಅವಳೊಬ್ಬಳೇ. ಅವಳ ಜಾಗದಲ್ಲಿ ನಾನಿದ್ದರೂ ಅದನ್ನೇ ಅನ್ನುತ್ತಿದ್ದೆ.

ಅಲ್ಲಿಂದಲೇ ಶೇಖರನಿಗೆ ಫೋನ್ ಮಾಡಿದೆ. ಅವನು “ಟಿಕೆಟ್ ಮುಂದೆ ಹಾಕ್ಲಿಕ್ಕೆ ಆಗ್ತದೆ ವಾರಿಜಕ್ಕ, ತೊಂದರೆ ಇಲ್ಲ. ಮಂಗಳವಾರಕ್ಕೆ ಮಾಡ್ಲಾ?” ಎಂದ. ಆಮೇಲೆ ಹೇಳುತ್ತೇನೆ ಎಂದೆ.

ಮನೆಗೆ ಮರಳಿದಾಗ ಹತ್ತು ಗಂಟೆ. ಮಾಮೆ ಇಗರ್ಜಿಗೆ ಹೋಗದೆ ಅಂಗಳದಲ್ಲಿ ಕಾದಿದ್ದಳು. ಮಗ ನಡೆದದ್ದನ್ನು ಹೇಳಿದ. ಆಗ ಅವಳು ಮೊದಲ ಬಾರಿಗೆ ನೇರ ನನ್ನ ಮುಖ ನೋಡಿ, ಒಂದು ಬಟ್ಟಲು ಮೆಕ್ಕೆಜೋಳದ ಅಂಬಲಿ ತಂದು ಎಫುವಾಳ ಮುಂದೆ ಕೂತಳು. ತೋರಿಸು ಎಂದು ಕೈಸನ್ನೆ ಮಾಡಿದಳು. ತೋರಿಸಿದೆ. ಇಷ್ಟು ದಪ್ಪ, ಇಷ್ಟೇ ಚಮಚ, ಗಲ್ಲ ಕೆಳಗೆ, ಗಂಟಲು ಮೇಲೆದ್ದು ಇಳಿಯುವವರೆಗೆ ಕಾಯಬೇಕು. ಅವಳು ಒಂದೇ ಸಲಕ್ಕೆ ಕಲಿತಳು. ನಾನು ಕಲಿಸಿದ ಎಷ್ಟೋ ಹುಡುಗಿಯರಿಗಿಂತ ಅವಳ ಕೈ ನಿಧಾನವಾಗಿತ್ತು, ಸ್ಥಿರವಾಗಿತ್ತು. ಎಫುವಾ ಬಟ್ಟಲು ಪೂರ್ತಿ ತಿಂದಳು. ವಾರ್ಡಿನಲ್ಲಿ ಅವಳು ಅರ್ಧಕ್ಕಿಂತ ಹೆಚ್ಚು ತಿಂದದ್ದಿಲ್ಲ.

ತಿನ್ನಿಸಿ ಮುಗಿಸಿ, ಬಾಯಿ ಒರೆಸಿ, ಮಾಮೆ ಮಗನ ಮೂಲಕ ಕೇಳಿದಳು:

“ನಾಳೆ ಆಸ್ಪತ್ರೆಯವರು ಇವಳ ವಿಷಯ ಕೇಳುತ್ತಾರೆ. ನನಗೆ ಇಂಗ್ಲಿಷ್ ಬರುವುದಿಲ್ಲ. ಇವನಿಗೆ ಕಾಯಿಲೆ ಗೊತ್ತಿಲ್ಲ. ನೀವು ಇರುತ್ತೀರಾ?”

ಅಂಗಳದಲ್ಲಿ ನಾವು ನಾಲ್ವರೇ. ಟಿಕೆಟ್ ಮುಂದೆ ಹಾಕಬಹುದಿತ್ತು. ನನ್ನ ರಕ್ತದೊತ್ತಡದ ಮಾತ್ರೆ ನಾಲ್ಕೇ ದಿನಕ್ಕೆ ತಂದಿದ್ದೇನೆ ಎಂದೆ. ಮಾತ್ರೆ ಆ ಊರಿನಲ್ಲೂ ಸಿಗುತ್ತದೆ. ಸೋಮವಾರ ಸಂಘದ ಆರೋಗ್ಯ ಶಿಬಿರದಲ್ಲಿ ನನ್ನ ಸರದಿ ಇದೆ ಎಂದೆ. ನಾನಿಲ್ಲದಿದ್ದರೆ ಬೇರೆ ಹತ್ತು ನರ್ಸುಗಳಿದ್ದರು. ನಿಜ ಹೇಳಬೇಕೆಂದರೆ, ಎರಡು ದಿನ ನನಗೆ ಬೆನ್ನು ತೋರಿಸಿದ ಮನೆಯಲ್ಲಿ, ನನ್ನ ತಪ್ಪು ನೋಡಿದವರ ನಡುವೆ, ಇನ್ನೊಂದು ದಿನ ಕೂರುವ ಮನಸ್ಸಿರಲಿಲ್ಲ. ಫೈಲಿನಲ್ಲಿ ಎಲ್ಲ ಬರೆದಿದೆ, ಅದನ್ನು ತೋರಿಸಿದರೆ ಸಾಕು ಎಂದು ಎಬೊಗೆ ಹೇಳಿದೆ. ಈ ಸಲ ಅವನಿಂದ ಎಲ್ಲವನ್ನೂ ತಿರುಗಿ ಹೇಳಿಸಿದೆ. ಒಂದೂ ತಪ್ಪಿಲ್ಲದೆ ಹೇಳಿದ.

ಎರಡಕ್ಕೆ ಹೊರಟೆವು. ಎಫುವಾಳ ತಲೆ ಸವರಿ ಬರುತ್ತೇನೆ ಎಂದೆ. ಅವಳು ಹೇಳುವುದನ್ನೇ ಹೇಳಿದಳು. ಮಾಮೆ ಬಾಗಿಲವರೆಗೆ ಬರಲಿಲ್ಲ. ವಿಮಾನ ನಿಲ್ದಾಣಕ್ಕೆ ನಾನು ಮೂರು ಗಂಟೆ ಮೊದಲೇ ತಲುಪಿದೆ.

ಆಮೇಲೆ: ಬಹರೈನ್

ಸೋಮವಾರ ಎಬೊ ಅಕ್ಕನನ್ನು ಕರೆದೊಯ್ದ. ಸಿಸ್ಟರು ಫೈಲು ನೋಡಿದರು, ಕರೆತಂದ ನರ್ಸ್ ಎಲ್ಲಿ ಎಂದು ಕೇಳಿದರು. ಹೋದರು ಎಂದು ಇವನು ಹೇಳಿದ. ಹಾಸಿಗೆ ಖಾಲಿಯಿಲ್ಲ, ಮೂರು ವಾರ ಬಿಟ್ಟು ಬನ್ನಿ ಎಂದರಂತೆ. ನಾನು ಎದುರು ನಿಂತು ಮಾತಾಡಿದ್ದರೆ ಹಾಸಿಗೆ ಸಿಗುತ್ತಿತ್ತೇ? ಇಂಥ ಎಷ್ಟೋ ಹಾಸಿಗೆಗಳನ್ನು ನಾನು ಜಗಳವಾಡಿ ಕೊಡಿಸಿದ್ದೇನೆ. ಸಿಗುತ್ತಿತ್ತು.

ಮಾಮೆ ಹದಿನಾರು ದಿನ ಸರಿಯಾಗಿ ತಿನ್ನಿಸಿದಳು. ಹದಿನೇಳನೆಯ ದಿನ ಅವಳು ಸ್ನಾನಕ್ಕೆ ಹೋದಾಗ ದೂರದ ಊರಿನಿಂದ ಇಗರ್ಜಿಯ ಹೆಂಗಸೊಬ್ಬಳು ನೋಡಲು ಬಂದಳು. ಬಾಯಾರಿದೆಯಾ ಮಗಳೇ ಎಂದು ಕೇಳಿದಳಂತೆ. ಎಫುವಾ ಹೌದೆಂದಳು. ಅವಳಿಗೆ ಬೇರೆ ಉತ್ತರ ಬರುತ್ತಿರಲಿಲ್ಲ. ನಾಲ್ಕು ದಿನ ಜ್ವರ, ಉಬ್ಬಸ. ಐದನೆಯ ದಿನ ತೀರಿಹೋದಳು.

ಎಬೊನ ಮೆಸೇಜು ಬಂದದ್ದು ನಮ್ಮ ಸಂಘದ ವಾರ್ಷಿಕೋತ್ಸವದ ದಿನ, ನಾನು ಸೀರೆಗೆ ಪಿನ್ನು ಹಾಕಿಕೊಳ್ಳುತ್ತಿದ್ದಾಗ. ಅಂದು ನನಗೆ ಸನ್ಮಾನವಿತ್ತು. ಹೋಗುವುದು ಬೇಡ ಬಿಡು ಎಂದರು ಯಜಮಾನರು. ಹೆಸರು ಆಮಂತ್ರಣ ಪತ್ರದಲ್ಲಿ ಅಚ್ಚಾಗಿದೆ ಎಂದು ಹೊರಟೆ. ಶೇಖರ ಮೈಕಿನಲ್ಲಿ, ಭಾಷೆಯ ಗಡಿ ದಾಟಿ, ಮಾತು ಬಾರದ ಹೆಣ್ಣುಮಗಳೊಬ್ಬಳನ್ನು ತಾಯಿಯ ಮಡಿಲಿಗೆ ತಲುಪಿಸಿದ ನಮ್ಮ ವಾರಿಜಕ್ಕ ಎಂದು ಓದಿದ. ಎರಡು ಮಾತು ಹೇಳಿ ಎಂದು ಮೈಕು ಕೊಟ್ಟರು.

“ನಾನು ಅವಳಿಗೆ ಆದಿತ್ಯವಾರ ಆಸ್ಪತ್ರೆ ಗೊತ್ತುಮಾಡಿದ್ದೆ” ಎಂದೆ. “ಅಲ್ಲಿ ಆದಿತ್ಯವಾರ ರಜೆ.”

ಸಭೆ ಗೊಳ್ಳೆಂದು ನಕ್ಕಿತು. ನಮ್ಮವರಿಗೆಲ್ಲ ಆಗಿರುವಂಥದ್ದೇ ಅದು. ಊರಿನ ಬ್ಯಾಂಕಿಗೆ ಆದಿತ್ಯವಾರ ಫೋನ್ ಮಾಡಿದವರು, ನೆಂಟರ ಮದುವೆಯ ದಿನ ತಪ್ಪಿಸಿಕೊಂಡವರು ಎಲ್ಲರೂ ಅಲ್ಲಿದ್ದರು. ಮುಂದಿನ ಸಾಲಿನವರು ಪಕ್ಕದವರಿಗೆ ತಮ್ಮ ಕತೆ ಹೇಳತೊಡಗಿದರು. ಎರಡನೆಯ ಮಾತು ಹೇಳಲು ನಾನು ನಗು ನಿಲ್ಲಲೆಂದು ಕಾದೆ. ಅಷ್ಟರಲ್ಲಿ ಶಾಲು ಹೊದಿಸಿದರು, ಹಣ್ಣಿನ ಬುಟ್ಟಿ ಕೊಟ್ಟರು, ಫೋಟೋಗ್ರಾಫರ್ ಇತ್ತ ನೋಡಿ ಅಕ್ಕ ಎಂದ. ನೋಡಿದೆ.

ಹೇಳದೆ ಉಳಿದದ್ದನ್ನು ಇಲ್ಲಿ ಬರೆದಿದ್ದೇನೆ. ಆ ಫೋಟೋವನ್ನು ಇದರ ಜೊತೆಗೆ ಹಾಕಬೇಡಿ ಎಂದು ಈ ಪತ್ರಿಕೆಯ ಸಂಪಾದಕರನ್ನು ಕೇಳಿಕೊಂಡಿದ್ದೇನೆ.